ಸೂಲಗಿತ್ತಿ ಹೇಳಿದ ಮಾತು

ಹೆಂಡತಿಯ ಹೆಣದ ಕಾಲ ಬಳಿ ಬಗ್ಗಿ, ಬಾಳಿನುದ್ದಕ್ಕೂ ಬೈದದ್ದಕ್ಕೆಲ್ಲ ಕ್ಷಮೆ ಕೇಳುತ್ತಿದ್ದ ಮುದುಕ ಲೇಸರ್, ಅಂಗಳದಲ್ಲಿ ಗದ್ದಲ ಕೇಳಿ ತಲೆಯೆತ್ತಿದ. ಗಿರಣಿಯವನ ಹೆಂಡತಿ ಓಟಿಲಿ ಬಂದಿದ್ದಳು. ಯೆಹೂದಿಯ ಸಾವಿನ ಮನೆಗೆ ಕ್ರೈಸ್ತರ ಹೆಂಗಸು ಬರುವುದೆಂದರೇನು? ಹೆಣ ಹೊರಲು ಬಂದಿದ್ದ ನಾಲ್ವರೂ ಮುಖ ಗಂಟಿಕ್ಕಿದರು.

ಸತ್ತ ಬ್ರೈನ್ಲ್ ಊರಿಗೆಲ್ಲ ಸೂಲಗಿತ್ತಿ. ಬೀದಿಯಲ್ಲಿ ಅವಳನ್ನು ಕಂಡು ಉಗುಳುತ್ತಿದ್ದವರೂ ನೋವು ಬಂದಾಗ ಅವಳ ಕದವನ್ನೇ ತಟ್ಟುತ್ತಿದ್ದರು. ಬೇಸರಪಟ್ಟುಕೊಳ್ಳುವುದನ್ನೂ ಅವಳು ಯಾವತ್ತೋ ಬಿಟ್ಟಿದ್ದಳು.

ಓಟಿಲಿ ಏದುಸಿರಿನಲ್ಲೇ ವಿಷಯ ಹೇಳಿದಳು. ಹೊಸ ಪಾದ್ರಿಗೆ ಹಿಂದೆ ಬ್ರೈನ್ಲ್ ಕೈಯಲ್ಲಿ ಹುಟ್ಟಿದೊಡನೆ ಸತ್ತ ಓಟಿಲಿಯ ಕೂಸಿನ ಬಗ್ಗೆ ಅನುಮಾನವಂತೆ. ಸಾಯುವ ಕೂಸಿಗೆ ಯೆಹೂದಿಯಾದರೂ ಜ್ಞಾನಸ್ನಾನ ಮಾಡಿಸಬಹುದು, ಆದರೆ ತಲೆಗೆ ನೀರು ಹಾಕುವಾಗ ತಂದೆ, ಮಗ, ಪವಿತ್ರಾತ್ಮರ ಹೆಸರಿನ ಮಂತ್ರ ಹೇಳಿರಲೇಬೇಕು. ಹೇಳಿರದಿದ್ದರೆ ಮೂಳೆ ಅಗೆಸಿ ಚರ್ಚಿನ ಸ್ಮಶಾನದ ಗೋಡೆಯಾಚೆ ಹಾಕಿಸುತ್ತಾನಂತೆ.

“ನಂಗೆ ಅವತ್ತು ಪ್ರಜ್ಞೆ ಇರ್ಲಿಲ್ಲ, ಲೇಸರಜ್ಜ. ಬ್ರೈನ್ಲಮ್ಮ ನಿಮ್ಮ ಹತ್ರ ಏನಾದ್ರೂ ಅಂದಿದ್ರಾ?”

* * *

ಸ್ವೀಡನ್ನಿನ ದಂಡು ರೈನ್ ನದಿ ದಾಟಿ ಬಂದಿದ್ದ ಚಳಿಗಾಲ ಅದು. ಓಟಿಲಿಯ ಹೆರಿಗೆ ಮುಗಿಸಿ ಬಂದ ಬ್ರೈನ್ಲ್ ಒಲೆಯ ಮುಂದೆ ಕುಸಿದು ಕೂತಿದ್ದಳು.

“ನೀರೇನೋ ಹಾಕ್ದೆ ಕಣ್ರೀ. ಅವ್ರ ದೇವ್ರ ಹೆಸ್ರು ಬಾಯಿಗೆ ಬರ್ಲೇ ಇಲ್ಲ. ಪಾದ್ರಿ ಕೇಳ್ದಾಗ ಹೇಳ್ದೆ ಅಂದ್ಬಿಟ್ಟೆ. ಇಲ್ದಿದ್ರೆ ಆ ಕೂಸನ್ನ ನಾಯಿ ಹೂತಂಗೆ ಹೂಳ್ತಿದ್ರು.”

ಲೇಸರ್ ಅದನ್ನು ಯಾರಲ್ಲೂ ಬಾಯಿ ಬಿಟ್ಟಿರಲಿಲ್ಲ.

* * *

ಹೆಣ ಹೊರುವವರ ಹಿರಿಯ ಗೋಟ್ಶಲ್ ಮುಂದೆ ಬಂದ. “ನಮ್ಮೋರ ಬಾಯಲ್ಲಿ ಆ ಮಾತು ಬರತ್ತೇನೋ? ಇಲ್ಲ ಅಂತ ಹೇಳಿ ಕಳ್ಸು, ಲೇಸರ.”

ಹೌದೆಂದರೆ ಬ್ರೈನ್ಲ್ ಮಣ್ಣಾಗುವ ದಿನವೇ ಧರ್ಮಗೆಟ್ಟವಳಾಗುತ್ತಾಳೆ. ಇಲ್ಲವೆಂದರೆ ಕೂಸು ಗೋಡೆಯಾಚೆ ಬೀಳುತ್ತದೆ. ಲೇಸರ್‌ಗೆ ಎಲ್ಲರ ಮೇಲೂ ಸಿಟ್ಟು ಬಂತು, ಸತ್ತವಳ ಮೇಲೂ. ಸಾಕಾಗಿಹೋಗಿತ್ತು ಅವನಿಗೆ.

“ಹೇಳಿದ್ಲು ಕಣವ್ವ,” ಎಂದ. “ತಂದೆ ಹೆಸ್ರು, ಮಗನ ಹೆಸ್ರು, ಎಲ್ಲಾ ಹೇಳಿದ್ಲು. ಮನೆಗೆ ಬಂದು ಅತ್ಲು. ಬೇಕಾದ್ರೆ ನಾನೇ ಬಂದು ಪಾದ್ರಿ ಮುಂದೆ ಆಣೆ ಇಡ್ತೀನಿ.”

ಓಟಿಲಿ ಅಳುತ್ತಲೇ ಹೆಣದತ್ತ ತಿರುಗಿ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡು ಕೈಮುಗಿದಳು. ಅವಳಿಗೆ ಗೊತ್ತಿದ್ದ ಕೃತಜ್ಞತೆ ಅದೊಂದೇ.

ಅವಳು ಹೋದ ಮೇಲೆ ಗೋಟ್ಶಲ್ ಟೋಪಿ ಸರಿಮಾಡಿಕೊಂಡು ಅಂಗಳ ದಾಟಿ ಹೊರಟೇಹೋದ. ಉಳಿದ ಮೂವರು ಮುಖಮುಖ ನೋಡಿಕೊಂಡು ಚಟ್ಟ ಎತ್ತಿದರು. ಗೋಟ್ಶಲ್ ಹೊರಬೇಕಿದ್ದ ಮೂಲೆ ಕೆಳಕ್ಕೆ ವಾಲಿತು. ಲೇಸರ್ ಸೊಂಟ ಹಿಡಿದುಕೊಂಡು ಹೋಗಿ ಅಲ್ಲಿಗೆ ತನ್ನ ಹೆಗಲು ಕೊಟ್ಟ.