ಕೊನೆಯ ಪುಟದ ಬೆಕ್ಕು

ಈ ತಿಂಗಳು ಓದಿದ ಎರಡು ಪುಸ್ತಕಗಳ ಬಗ್ಗೆ ಬರೆಯಬೇಕು. ಹನ್ನೆರಡು ವರ್ಷಗಳಿಂದ ನಮ್ಮ ವಾಲರೂ ಊರಿನ ಲೈಬ್ರರಿಯ ತಿಂಗಳ ಪತ್ರಿಕೆಯಲ್ಲಿ ಇದೇ ನನ್ನ ಕೆಲಸ: ಒಂದು ಕಾದಂಬರಿ, ಒಂದು ನಿಜ ಸಂಗತಿಯ ಪುಸ್ತಕ, ಅವುಗಳ ಮೇಲೆ ಮರ್ಲ್ ಟ್ರೆಂಬಾತ್ ಎಂಬ ಈ ಮುದುಕಿಯ ಬಾಯಿಗೆ ಬಂದ ಮಾತು.

ನಿಜ ಸಂಗತಿಯದು ಮೊದಲು. ನಮ್ಮದೇ ಕೊಲ್ಲಿಯ ಬೊಂಡಾಸ, ಅಂದರೆ ಸ್ಕ್ವಿಡ್, ಅದರ ಮೇಲೆ ಮುನ್ನೂರು ಪುಟ. ನಾವು ಜೆಟ್ಟಿಯ ಮೇಲೆ ನಿಂತು ಗಾಳಕ್ಕೆ ಹಿಡಿದು, ಹಿಟ್ಟಿನಲ್ಲಿ ಹೊರಳಿಸಿ ಕರಿದು ತಿನ್ನುವ ಆ ಬಡಪಾಯಿಗೆ ಮೂರು ಹೃದಯಗಳಂತೆ. ಓದಿ ದಂಗಾದೆ. ಆ ವಾರ ಕರಿದದ್ದು ಗಂಟಲಲ್ಲಿ ಇಳಿಯಲಿಲ್ಲ. ಮುಂದಿನ ವಾರ ಇಳಿಯಿತು.

ಕಾದಂಬರಿಯನ್ನು ಯಾರೋ ಹೊಗಳಿದ್ದು ನೋಡಿ ನಾನೇ ಕೇಳಿ ತರಿಸಿಕೊಂಡಿದ್ದೆ. ಬೇಕರಿ ನಡೆಸುವ ಅಕ್ಕತಂಗಿಯರ ಕಥೆ. ಅಕ್ಕ ಊರಿಗೆಲ್ಲ ಬೇಕಾದವಳು, ಇರುವೆಯನ್ನೂ ತುಳಿಯದವಳು. ಕಡೆಯ ಅಧ್ಯಾಯದಲ್ಲಿ ನೋಡಿದರೆ, ತಮ್ಮನನ್ನು ಬಾವಿಗೆ ನೂಕಿದವಳು ಅವಳೇ! ಮಂಗಳವಾರ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅದನ್ನು ಓದಿದೆ. ಪುಸ್ತಕವನ್ನು ಸೋಫಾದ ಮೇಲೆ ಎಸೆದು, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಗಟ್ಟಿಯಾಗಿ ಬೈದೆ.

ಆಮೇಲೆ ಗುರುತು ಹಾಕಲು ಪೆನ್ಸಿಲ್ ಹುಡುಕಿದೆ. ನಿಮಗೆ ಗೊತ್ತಲ್ಲ, ನೀವೂ ಹಾಕುವವರೇ. ಓದಿದ್ದೇ ಮತ್ತೆ ಮನೆಗೆ ಬಾರದಿರಲಿ ಎಂದು ಕೊನೆಯ ಪುಟದ ಮೂಲೆಯಲ್ಲಿ ಒಬ್ಬೊಬ್ಬರದು ಒಂದೊಂದು ಗುರುತು. ಗೆಳತಿ ಏವಿಸ್ ಹಾಕಿಂಗ್‌ಳದು ನಕ್ಷತ್ರ. ನನ್ನದು ಬೆಕ್ಕಿನ ಮುಖ, ಎಡಕ್ಕೆ ಮೂರು ಮೀಸೆ, ಬಲಕ್ಕೆ ಎರಡು. ಪುಸ್ತಕ ತರುವಾಗಲೇ ಆ ಮೂಲೆ ನೋಡಿಕೊಳ್ಳುವುದು ವಾಡಿಕೆ. ಹೊಸದಾಗಿ ತರಿಸಿದ್ದರಲ್ಲಿ ನೋಡುವುದೇನು ಎಂದು ಈ ಸಲ ಬಿಟ್ಟಿದ್ದೆ. ಈಗ ತೆರೆದರೆ ಬೆಕ್ಕು ಆಗಲೇ ಅಲ್ಲಿ ಕೂತಿತ್ತು.

ಇದು ಏವಿಸ್‌ಳ ಕುಚೋದ್ಯವೇ ಎಂದುಕೊಂಡು ನೆಟ್ಟಗೆ ಲೈಬ್ರರಿಗೆ ನಡೆದೆ. ಲೈಬ್ರರಿಗೆ ನೆರವಾಗಲು ಬರುವ ಅವಳು ಹಿಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಿದ್ದಳು.

"ಎಪ್ಪತ್ತೆರಡಾಯ್ತು, ಇನ್ನೂ ಹುಡುಗಾಟ ಬಿಟ್ಟಿಲ್ವೇನೇ?" ಎಂದು ಪುಸ್ತಕವನ್ನು ಅವಳ ಮುಂದೆ ಕುಕ್ಕಿದೆ. "ನನ್ನ ಬೆಕ್ಕು ಬರೆಯೋಕೆ ನಿನಗೆ ಯಾರೇ ಹೇಳಿದ್ದು? ಇನ್ನು ಆ ಅಕ್ಕನೋ, ಅವಳ ಕೈಯಿಂದ ಒಂದು ಬನ್ನೂ ತಿನ್ನಲ್ಲ ನಾನು!"

ಏವಿಸ್ ನಗಲಿಲ್ಲ. ಎದ್ದುಹೋಗಿ ಕಪಾಟಿನಿಂದ ಮಾರ್ಚ್ ತಿಂಗಳ ಪತ್ರಿಕೆ ತಂದು ಬಿಡಿಸಿಟ್ಟಳು. ನನ್ನದೇ ಅಂಕಣ. ಬೇಕರಿ, ಅಕ್ಕ, ಬಾವಿ. ಕೊನೆಯ ಸಾಲು: ಅವಳ ಕೈಯಿಂದ ಒಂದು ಬನ್ನೂ ತಿನ್ನುವುದಿಲ್ಲ ನಾನು.

ಪಕ್ಕದ ಕುರ್ಚಿಯಲ್ಲಿ ಕುಳಿತೆ. ಅದನ್ನು ಬರೆದ ನೆನಪು ಎಳ್ಳಷ್ಟೂ ಇರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಹ್ಞೂಂ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ, ಮರ್ಲ್. ಏಪ್ರಿಲ್‌ನಲ್ಲೂ ಹೀಗೇ ಆಗಿತ್ತು, ಬೇರೆ ಪುಸ್ತಕ. ಇದೇ ಕುರ್ಚೀಲಿ ಕೂತು ಅತ್ತೆ ನೀನು. ಸೋಮವಾರ ಡಾಕ್ಟರ ಹತ್ರ ಹೋಗೋಣ ಅಂತ ನೀನೇ ಅಂದೆ. ಸೋಮವಾರ ನಿನ್ನ ಮನೆಗೆ ಬಂದ್ರೆ, ಯಾವ ಡಾಕ್ಟರು ಅಂತ ಕೇಳಿ ಮುಖದ ಮೇಲೇ ಬಾಗಿಲು ಹಾಕಿದೆ. ಹದಿನೈದು ದಿನ ಮಾತು ಬಿಟ್ಟೆ."

ಮಾತು ಬಿಟ್ಟದ್ದು ನೆನಪಿದೆ. ನನ್ನ ಕೇಕಿನ ತಟ್ಟೆಯನ್ನು ಅವಳು ವಾಪಸು ಕೊಡಲಿಲ್ಲ, ಅದಕ್ಕೇ ಜಗಳ ಎಂದು ನಾನು ನಂಬಿಕೊಂಡಿದ್ದೆ. ಅಂಥ ತಟ್ಟೆಯೇ ಇರಲಿಲ್ಲವಂತೆ.

ಆಗ ಇನ್ನೊಂದು ಹೊಳೆಯಿತು. ಶುಕ್ರವಾರದ ಬಸ್ಸು! ನಡೆಯಲಾಗದ ಹನ್ನೊಂದು ಜನರನ್ನು ಮನೆಮನೆಯಿಂದ ಹತ್ತಿಸಿಕೊಂಡು ಲೈಬ್ರರಿಗೆ ತರುವ ಊರಿನ ಬಸ್ಸನ್ನು ಓಡಿಸುವವಳು ನಾನು. ಏಪ್ರಿಲ್‌ನಿಂದ, ಮಾತು ಬಿಟ್ಟಿದ್ದಾಗಲೂ, ಏವಿಸ್ ಪ್ರತಿ ಶುಕ್ರವಾರ ನನ್ನ ಪಕ್ಕದ ಸೀಟಿಗೆ ಬಂದು ಕೂರುತ್ತಿದ್ದಳು. ಪಾಪ, ಒಂಟಿ ಜೀವಕ್ಕೆ ಬೇಸರ ಎಂದುಕೊಂಡಿದ್ದೆ.

"ಅಷ್ಟು ಜನರನ್ನ ನನ್ನ ಕೈಗೆ ಬಿಟ್ಯಲ್ಲೇ!"

"ನಾನು ಪಕ್ಕದಲ್ಲೇ ಇರ್ತಿದ್ನಲ್ಲ."

"ಬಸ್ಸಿನ ಬ್ರೇಕ್ ಯಾವುದು ಅಂತ ಗೊತ್ತೇನೇ ನಿನಗೆ?"

ಅವಳು ಹೊದಿಕೆಯ ಪ್ಲಾಸ್ಟಿಕ್ಕನ್ನು ಸುಮ್ಮನೆ ನೇವರಿಸಿದಳು. "ಇಲ್ಲ. ಆದ್ರೆ ಅದನ್ನೂ ನಿನ್ನಿಂದ ಕಿತ್ಕೊಂಡ್ರೆ ನೀನು ಉಳಿಯಲ್ಲ ಅನ್ನಿಸ್ತು."

ಅವಳ ಕಪಾಳಕ್ಕೆ ಬಾರಿಸಬೇಕು ಎನ್ನಿಸಿತು, ತಬ್ಬಿಕೊಳ್ಳಬೇಕು ಎಂದೂ ಎನ್ನಿಸಿತು. ಎರಡನ್ನೂ ಮಾಡಲಿಲ್ಲ. ಬಸ್ಸಿನ ಕೀಲಿಯನ್ನು ಚೀಲದಿಂದ ತೆಗೆದು ಅವಳ ಮುಂದಿಟ್ಟೆ.

"ಡಾಕ್ಟರಿಗೆ ಈಗಲೇ ಫೋನ್ ಮಾಡು. ಸೋಮವಾರ ಗೀಮವಾರ ಬೇಡ. ನಾಳೆ ಕೀಲಿ ಕೇಳಿದ್ರೆ ಕೊಡ್ಬೇಡ."

"ಬೈತೀಯ."

"ಬೈತೀನಿ. ಆದ್ರೂ ಕೊಡ್ಬೇಡ."

ಡಾಕ್ಟರು ಇವತ್ತೇ ಮಧ್ಯಾಹ್ನ ಎರಡು ಗಂಟೆಗೆ ಬರಲು ಹೇಳಿದ್ದಾರೆ. ಅಲ್ಲಿಯವರೆಗೆ ಏವಿಸ್ ಎದುರಿಗೆ ಕೂತು ಕಾಯುತ್ತಿದ್ದಾಳೆ, ನಾನು ಅದೇ ಮೇಜಿನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಒಂದಕ್ಷರವನ್ನೂ ತಿದ್ದದೆ ಅಚ್ಚು ಹಾಕಿ ಎಂದು ಲೈಬ್ರರಿಯವರಿಗೆ ಹೇಳಿದ್ದೇನೆ. ನಾಳೆ ನಾನೇ ಬಂದು ಇದೆಲ್ಲ ಸುಳ್ಳು ಎಂದು ಕೂಗಾಡಬಹುದು, ಕಿವಿಗೆ ಹಾಕಿಕೊಳ್ಳಬೇಡಿ.

ಬಸ್ಸಿನ ಹನ್ನೊಂದು ಜನರಿಗೆ ಒಂದು ಮಾತು. ಯಾವ ಶುಕ್ರವಾರವಾದರೂ ಸರಿ, ನಾನು ಚಾಲಕಿಯ ಸೀಟಿನಲ್ಲಿ ಕಂಡರೆ ಹತ್ತಬೇಡಿ. ನಾನು ನಿಮ್ಮ ಹೆಸರು ಹಿಡಿದು, ನಗುನಗುತ್ತಾ ಕರೆದರೂ ಹತ್ತಬೇಡಿ.