ಮುಚ್ಚಿದ ಬಂಕಿನ ಮನೆ

"ಮೂರೇ ತಿಂಗ್ಳು ಕಣಮ್ಮ, ಹಿಂಗಂದ್ರೆ ಹಂಗೆ ಓಯ್ತದೆ," ಎನ್ನುತ್ತ ಮುನೀಂದ್ರ ತಾಯಿಯ ಟ್ರಂಕನ್ನು ಪೆಟ್ರೋಲ್ ಬಂಕಿನ ಆಫೀಸಿನೊಳಗೆ ಇಳಿಸಿದ. ಗಂಗಲಕ್ಷ್ಮಮ್ಮ ಹೂಂ ಅಂದರು. ಗಂಡ ದೊಡ್ಡಮುನಿಯಪ್ಪ ತೀರಿಕೊಂಡಾಗಿನಿಂದ ಯಾರು ಏನಂದರೂ ಅವರದು ಹೂಂ ಒಂದೇ.

ಸತ್ತ ನಕ್ಷತ್ರ ಸರಿಯಿಲ್ಲ, ಮನೆಗೆ ಬೀಗ ಹಾಕಿ ಎಲ್ಲರೂ ಮೂರು ತಿಂಗಳು ಹೊರಗಿರಬೇಕು ಎಂದು ಜೋಯಿಸರು ಹೇಳಿದ್ದರು. ಸಾಯುವವರು ಪಂಚಾಂಗ ನೋಡಿಕೊಂಡು ಸಾಯುತ್ತಾರೆಯೇ? ಮಗ, ಸೊಸೆ ಬೀಗರ ಮನೆ ಸೇರಿದರು. ಗಂಡ ಹೋದ ಹೊಸತರಲ್ಲಿ ಹೆಂಗಸು ಇನ್ನೊಬ್ಬರ ಹೊಸಿಲು ತುಳಿಯಬಾರದಂತೆ. ಹಾಗಾಗಿ ಗಂಗಲಕ್ಷ್ಮಮ್ಮನ ಪಾಲಿಗೆ ಹಳೇ ಮದ್ರಾಸ್ ರಸ್ತೆಯಲ್ಲಿದ್ದ ಗಂಡನ ಈ ಬಂಕು. ಎದುರಿಗೆ ಮೆಟ್ರೋ ಕಂಬ ಎದ್ದು, ಗಾಡಿ ತಿರುಗಿಸುವ ದಾರಿ ಹೋದ ಮೇಲೆ ಗಿರಾಕಿ ತಪ್ಪಿ ಅದು ಮುಚ್ಚಿತ್ತು. ಪೈಪು ಕಿತ್ತ ಎರಡು ಪಂಪುಗಳ ನಡುವೆ ಕಾವಲಿನ ಜಟ್ಟೆಮ್ಮ ಬಟ್ಟೆ ಒಣಹಾಕುತ್ತಿದ್ದಳು. ಕಲಬುರಗಿ ಕಡೆಯವಳು, ಬಾಯಿ ಜೋರು, ಕರುಳು ಮೆತ್ತಗೆ.

ಮಗ ಹೋದ ಮೇಲೆ ಅವಳು ಹತ್ತಿರ ಬಂದು ಕೂತಳು. "ಇಲ್ಲಿ ಯಾರೂ ನೋಡಂಗಿಲ್ರಿ ಅಮ್ಮಾರೆ. ಒಮ್ಮೆ ಅತ್ತುಬಿಡ್ರಿ."

"ಬರಾಕಿಲ್ಲ ಕಣೆ ಜಟ್ಟೆಮ್ಮ."

ಅದೇ ಅವರ ಸಂಕಟ. ಹೆಣದ ಮುಂದೆ ನೆಂಟರೆಲ್ಲ ಇವರ ಕಣ್ಣನ್ನೇ ನೋಡುತ್ತಿದ್ದರು. ನಾದಿನಿಯಂತೂ ತೊಡೆ ಚಿವುಟಿಯೂ ನೋಡಿದಳು. ಒಂದು ಹನಿ ಇಲ್ಲ. ಎದೆ ಕಲ್ಲಾಗಿದೆ ಎನ್ನೋಣವೆಂದರೆ ಕಲ್ಲಿಗಾದರೂ ಭಾರವಿರುತ್ತದೆ. ಇಷ್ಟು ವರ್ಷ ಬಾಳಿದ್ದು ಬರೀ ಅಭ್ಯಾಸವೇ ಆಗಿತ್ತೇನೋ ಎಂದು ಅವರಿಗೆ ಹೆದರಿಕೆಯಾಗಿತ್ತು.

ಸಂಜೆ ನಡುವಯಸ್ಸಿನವನೊಬ್ಬ ಸ್ಕೂಟರ್ ತಳ್ಳಿಕೊಂಡು ಏದುಸಿರು ಬಿಡುತ್ತ ಒಳಗೆ ಬಂದ.

"ಮುಚ್ಚೈತೆ ಕಣಪ್ಪ," ಎಂದರು ಗಂಗಲಕ್ಷ್ಮಮ್ಮ.

"ಗೊತ್ತಮ್ಮ. ಯಜಮಾನ್ರು ಇಲ್ವಾ? ಗಾಡಿ ನಿಂತೋದ್ರೆ ಬಾಟಲಲ್ಲಿ ಒಂಚೂರು ಕೊಡೋರು."

ಅವರು ಜಟ್ಟೆಮ್ಮನ ಮುಖ ನೋಡಿದರು. "ಹೌದ್ರಿ," ಎಂದಳು ಅವಳು. "ಮುಂದಿನ ಬಂಕಿನಾಗ ಕೊಂಡು ತಂದು ಇಡ್ತಿದ್ರು. ನಮ್ಮ ಬಂಕಿಗೆ ಬಂದಾಂವ ಹಂಗೇ ಹೋಗಬಾರ್ದು ಅಂತಿದ್ರು. ನಿಮಗ ಹೇಳಿಲ್ಲೇನ್ರಿ?"

ಹೇಳಿರಲಿಲ್ಲ. ದಿನಾ ಸಂಜೆ ಗಂಡ 'ಬಂಕ್ ನೋಡ್ಕೊಂಡ್ ಬತ್ತೀನಿ' ಎಂದು ಹೊರಟರೆ, ಮುಚ್ಚಿದ ಬಂಕಿನಲ್ಲಿ ನೋಡುವುದೇನು ಮಣ್ಣು ಎಂದು ಇವರು ಹಂಗಿಸಿದ್ದೇ ಹಂಗಿಸಿದ್ದು.

ಜಟ್ಟೆಮ್ಮ ಹಿಂದಿನಿಂದ ಬಾಟಲು ತಂದಳು. ಅದೊಂದೇ ಉಳಿದಿತ್ತು. ಗಂಗಲಕ್ಷ್ಮಮ್ಮ ತಾವೇ ಇಸಿದುಕೊಂಡು ಸ್ಕೂಟರಿಗೆ ಬಗ್ಗಿಸಿದರು. ಅಭ್ಯಾಸವಿಲ್ಲದ ಕೈ, ಒಂದಷ್ಟು ಬಲಗೈ ಮೇಲೆಯೇ ಸುರಿಯಿತು.

"ನಾನು ಬಂದಿದ್ದೆ ಅಂತ ಯಜಮಾನ್ರಿಗೆ ಹೇಳಿ ಅಮ್ಮ. ಎಲ್ಲಿ ಅವರು?"

"ಊಟಕ್ಕೋಗವ್ರೆ. ಬತ್ತಾರೆ," ಅಂದುಬಿಟ್ಟರು. ಜಟ್ಟೆಮ್ಮ ಮುಖ ಆಚೆ ತಿರುಗಿಸಿದಳು.

ಸ್ಕೂಟರ್ ಹೋಯಿತು. ಆಮೇಲೆ ಮೂಗಿಗೆ ಬಂತು ಕೈಮೇಲಿನ ಪೆಟ್ರೋಲ್ ವಾಸನೆ. ಬಂಕು ನಡೆಯುತ್ತಿದ್ದ ಕಾಲಕ್ಕೆ ಗಂಡನ ಅಂಗಿ, ಕತ್ತು, ದಿಂಬು ಎಲ್ಲಕ್ಕೂ ಇದೇ ವಾಸನೆ. ತಲೆನೋವು ಬರುತ್ತದೆಂದು ಗೊಣಗುತ್ತ, ಸೋಪು ಕೊಟ್ಟು ಆತನನ್ನು ಬಚ್ಚಲಿಗೆ ಅಟ್ಟುತ್ತಿದ್ದವರು ಇವರೇ.

ಜಟ್ಟೆಮ್ಮ ರೊಟ್ಟಿ, ಝುಣಕ ಇಟ್ಟು ಚೊಂಬು ಎತ್ತಿದಳು. "ಕೈ ಚಾಚ್ರಿ, ನೀರ ಹಾಕ್ತೀನಿ."

ಗಂಗಲಕ್ಷ್ಮಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬ್ಯಾಡ."

"ಪೆಟ್ರೋಲ್ ಕೈಲೆ ಹ್ಯಾಂಗ ಉಣ್ತೀರಿ?"

ಅವರು ಸೆರಗಿನೊಳಗೆ ಮುಷ್ಟಿ ಬಿಗಿ ಹಿಡಿದರು. ಜಟ್ಟೆಮ್ಮ ಚೊಂಬು ಕೆಳಗಿಟ್ಟು, ಎದುರಿಗೆ ಕೂತು ರೊಟ್ಟಿ ಮುರಿದಳು. "ಬಾಯಿ ತೆಗೀರಿ," ಎಂದಳು.

ಗಂಗಲಕ್ಷ್ಮಮ್ಮ ಬಾಯಿ ತೆರೆದರು. ಸೆರಗಿನೊಳಗೆ ಮುಷ್ಟಿ ಬಿಗಿಯಾಗಿಯೇ ಇತ್ತು.