ಆರನೇ ಫಾರಂ

ಮೊದಲನೇ ಏಟಿಗೆ ಭಾವನ ಕನ್ನಡಕ ಹಾರಿ ಅಂಟಿನ ಡಬ್ಬಿಯೊಳಗೆ ಬಿತ್ತು. ಎರಡನೇ ಏಟಿಗೆ ಭಾವನೇ ಬಿದ್ದ. ಬೀಳುವಾಗ ಹೊಲಿಗೆಯ ಚೌಕಟ್ಟನ್ನು ಹಿಡಿದುಕೊಳ್ಳಲು ಹೋಗಿ ಅದನ್ನೂ ಎಳೆದುಕೊಂಡದ್ದರಿಂದ, ಬೆಳಗಿನಿಂದ ಕೂತು ಹೊಲಿದಿದ್ದ ಪುಸ್ತಕಗಳೆಲ್ಲ ದಾರ ಕಿತ್ತುಕೊಂಡು ನೆಲದ ತುಂಬ ಹರಡಿದವು. ಹೊಡೆದವನು ಅವುಗಳನ್ನು ತುಳಿದುಕೊಂಡೇ ಮುಂದೆ ಬಂದ.

"ಈ ಪುಸ್ತಕ ಜೋಡಿಸಿದ್ದು ಯಾರು ಅಂತ ಕೇಳ್ದೆ," ಎಂದ.

ಬಾಗಿಲಲ್ಲಿ ನಿಂತಾಗಲೂ ಅವನು ಕೇಳಿದ್ದು ಇದನ್ನೇ. ಯಾರೋ ಗಿರಾಕಿ ಇರಬೇಕೆಂದು ಭಾವ ಮೇಸ್ತ್ರಿಯ ಗತ್ತಿನಲ್ಲಿ, ಇಲ್ಲಿ ಏನೇ ಆದರೂ ನಾನೇ, ಹೇಳಿ ಅಂದಿದ್ದ. ಆ ಮಾತು ಪೂರ್ತಿ ಹೊರಬೀಳುವ ಮುಂಚೆಯೇ ಕನ್ನಡಕ ಹಾರಿತ್ತು. ಬಂದವನು ಊರಾಚೆಯ ಮರದ ಡಿಪೋದಲ್ಲಿ ದಿಮ್ಮಿ ಉರುಳಿಸುವ ಆಳು. ಅಂಗಿಯ ತೋಳಿಗೆ ಗರಗಸದ ಹೊಟ್ಟು ಅಂಟಿಕೊಂಡೇ ಇತ್ತು. ಎಡಗೈಯಲ್ಲಿ ನೀಲಿ ರಟ್ಟಿನ ತೆಳ್ಳಗಿನ ಪುಸ್ತಕವೊಂದನ್ನು ಬೆರಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದ. ಮನೆಯಲ್ಲಿ ಇದ್ದಕ್ಕಿದ್ದಂತೆ ಏನಾದರೂ ಆದರೆ ವೈದ್ಯರು ಸಿಗುವವರೆಗೆ ಏನು ಮಾಡಬೇಕೆಂದು ತಿಳಿಸುವ ಪುಸ್ತಕ ಅದು. ಐದು ತಿಂಗಳ ಹಿಂದೆ ಇದೇ ಅಂಗಡಿಯಲ್ಲಿ ರಟ್ಟು ಹಾಕಿಸಿಕೊಂಡು ಹೋಗಿತ್ತು.

ಅಂಗಡಿಯಲ್ಲಿ ಇದ್ದವರು ಮೂರೇ ಜನ. ಹೊಲಿದು, ರಟ್ಟು ಹಾಕಿ, ಅಂಚು ಕತ್ತರಿಸುವ ಭಾವ. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಿಸಿ ಹದಿನಾರು ಪುಟಕ್ಕೊಂದರಂತೆ ಫಾರಂ ಮಾಡುವ ಅಕ್ಕ. ಆ ಫಾರಂಗಳನ್ನು ಒಂದರ ಮೇಲೊಂದು ಜೋಡಿಸಿ ಪುಸ್ತಕದ ಆಕಾರಕ್ಕೆ ತರುವ ತಂಗಿ. ತಂಗಿಯ ಹೆಸರು ಪ್ರೆಸ್ಸಿನವರಿಗಿರಲಿ, ಸ್ವಂತ ಅಕ್ಕನಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಗೆದ್ದಲು. ಹಾಗೆಂದು ಕರೆದವನು ಭಾವ, ಹತ್ತು ವರ್ಷದ ಹಿಂದೆ, ಕೆಲಸಕ್ಕೆ ಬಂದ ಮೊದಲ ವಾರದಲ್ಲೇ.

ಜೋಡಿಸಲು ಬಂದದ್ದನ್ನೆಲ್ಲ ಓದುವುದು ಗೆದ್ದಲಿನ ಚಾಳಿ. ಕೊಲೆಯ ಕಾದಂಬರಿ, ಕೋಳಿ ಸಾಕಣೆ, ರಾಜರ ಇತಿಹಾಸ, ಬಸುರಿಯರಿಗೆ ಬುದ್ಧಿಮಾತು, ಮೋಟಾರು ರಿಪೇರಿ, ಯಾರೋ ನಿವೃತ್ತ ನ್ಯಾಯಾಧೀಶರು ಕೈಯಿಂದ ಖರ್ಚು ಹಾಕಿ ಅಚ್ಚು ಮಾಡಿಸಿದ ಪ್ರೇಮದ ಪದ್ಯಗಳು, ಯಾವುದಕ್ಕೂ ಅವಳು ಒಲ್ಲೆ ಅಂದವಳಲ್ಲ. ಅದೂ ಮೊದಲಿನಿಂದ ಕೊನೆಯವರೆಗಲ್ಲ, ಕೈಗೆ ಸಿಕ್ಕ ಫಾರಂನಿಂದ. ಹಾಗಾಗಿ ಒಂದೊಂದು ಕಾದಂಬರಿಯಲ್ಲಿ ಬೆಳಿಗ್ಗೆ ಹೆಣ ಸಿಕ್ಕಿ, ಸಂಜೆ ಕೊಲೆಗಾರ ಸಿಕ್ಕಿ, ಕೊಲೆ ಮಾರನೆಯ ದಿನ ಆಗುತ್ತಿತ್ತು. ಇದು ಕಟ್ಟುಕಥೆ, ಇದು ನಿಜ ಎಂದು ಅವಳು ಬೇರೆ ಬೇರೆ ಮಣೆ ಹಾಕಿದವಳಲ್ಲ. ಕೋಳಿರೋಗದ ಬಗ್ಗೆ ಓದುವಾಗಲೂ ಮುಂದೇನಾಗುತ್ತದೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ರಕ್ತ ಹರಿಯುವ ಪುಸ್ತಕ ಬಂತೆಂದರಂತೂ ಊಟವೂ ಬೇಡ.

ಪ್ರತಿ ಫಾರಂನ ಕೆಳಗಿನ ಮೂಲೆಯಲ್ಲಿ ಪುಸ್ತಕದ ಹೆಸರು, ಫಾರಂನ ಅಂಕಿ ಸಣ್ಣದಾಗಿ ಅಚ್ಚಾಗಿರುತ್ತದೆ. ಅಷ್ಟು ಓದಿದರೆ ಸಾಕು, ಮಿಕ್ಕಿದ್ದನ್ನು ಕೊಂಡುಕೊಂಡವರು ಓದಿಕೊಳ್ಳುತ್ತಾರೆ ಎಂದು ಭಾವ ದಿನಕ್ಕೊಮ್ಮೆ ಗದರುತ್ತಿದ್ದ. ಹಾಗೆ ಗದರಿದವನೇ ಸಂಜೆ ಅಂಟು ಬಳಿಯುತ್ತ, "ಆ ಸೇತುವೆ ಮೇಲೆ ನಿಂತಿದ್ನಲ್ಲ, ಅವನು ಏನಾದ ಗೆದ್ದಲು?" ಎಂದು ಮೆಲ್ಲಗೆ ಕೇಳುತ್ತಿದ್ದ. ಸಣ್ಣ ಅಕ್ಷರ ಹಿಡಿಯಲು ಅವನ ಕಣ್ಣು ಸಾಲುತ್ತಿರಲಿಲ್ಲ.

ಡಿಪೋದವನು ಈಗ ಭಾವನ ಕೊರಳಪಟ್ಟಿ ಹಿಡಿದು ಎಬ್ಬಿಸಿ, ಪುಸ್ತಕ ಬಿಚ್ಚಿ ಮುಖಕ್ಕೆ ಒತ್ತಿ, ಓದು ಎಂದ. ಕಾಣುವುದಿಲ್ಲ ಎಂದು ಭಾವ ಹೇಳಿದ್ದು ಅವನಿಗೆ ನೆಪವಾಗಿ ಕೇಳಿಸಿತು. ಮೂರನೇ ಏಟಿಗೆ ಭಾವನ ಬಾಯಿಂದ ಹಲ್ಲೊಂದು ಬಂದು ಗಲ್ಲದ ಮೇಲೆ ನಿಂತಿತು. ಅಕ್ಕ ಎದ್ದು ಬಂದು ಹಿಂದಿನಿಂದ ಅಂಗಿ ಜಗ್ಗಿದಳು. ಅವನು ತಿರುಗಿಯೂ ನೋಡದೆ ಮೊಣಕೈಯಿಂದ ತಿವಿದದ್ದಕ್ಕೆ ರದ್ದಿ ಕಾಗದದ ರಾಶಿಯ ಮೇಲೆ ಅಂಗಾತ ಬಿದ್ದಳು.

ಓದುವವರು ಯಾರೂ ಇಲ್ಲವೆಂದಾದ ಮೇಲೆ ಅವನೇ ಹೇಳಿದ. ಹೆಂಡತಿಗೆ ದಿಮ್ಮಿಗಳ ಸಂದಿಯಲ್ಲಿ ಹಾವು ಕಚ್ಚಿತಂತೆ, ಮೀನಖಂಡಕ್ಕೆ. ಆಸ್ಪತ್ರೆ ದೂರವೆಂದೇ ಈ ಪುಸ್ತಕ ತಂದಿಟ್ಟಿದ್ದನಂತೆ. ಹುಡುಕಿ ಎಂಬತ್ತನೇ ಪುಟ ತೆಗೆದ. ಹಾವು ಕಚ್ಚಿದಾಗ, ಎಂದಿತ್ತು. ಗಾಬರಿಯಾಗಬೇಡಿ, ಮೊದಲು ಕಚ್ಚಿದ ಕಾಲನ್ನು, ಎನ್ನುವಲ್ಲಿಗೆ ಪುಟ ಮುಗಿದಿತ್ತು. ಎದುರಿಗೇ ಎಂಬತ್ತೊಂದನೇ ಪುಟ: ಹಗ್ಗದಿಂದ ಬಿಗಿದು ಕಟ್ಟಬೇಕು. ಒಂದು ಗೇಣು ಮೇಲಕ್ಕೆ ಆಳವಾಗಿ ಕೊಯ್ಯಬೇಕು. ಕಪ್ಪು ರಕ್ತ ಹೋಗಿ ಕೆಂಪು ಬರುವವರೆಗೆ ಬಿಡಬಾರದು.

"ಬೇಡ ಬೇಡ ಅಂದ್ಲು. ಪುಸ್ತಕದಲ್ಲಿದೆ ಕಣೇ ಅಂದೆ. ಬೆನ್ನ ಮೇಲೆ ಕೂತ್ಕೊಂಡು ಕೊಯ್ದೆ."

ಮೀನಖಂಡದಿಂದ ಒಂದು ಗೇಣು ಮೇಲೆ ಎಂದರೆ ಮಂಡಿಯ ಹಿಂಭಾಗ. ರಕ್ತ ಮೊದಲಿಂದಲೂ ಕೆಂಪಾಗೇ ಬಂತಂತೆ. ಕಪ್ಪು ಇನ್ನೂ ಬಂದಿಲ್ಲವಲ್ಲ ಎಂದು ಅವನು ಕಾಯುತ್ತ ಕೂತನಂತೆ. ಆಸ್ಪತ್ರೆಯ ಡಾಕ್ಟರು ಹಲ್ಲಿನ ಗುರುತು ನೋಡಿ, ಹಾವಿನಲ್ಲಿ ವಿಷವೇ ಇರಲಿಲ್ಲ, ಇಷ್ಟು ಕೊಯ್ದವರು ಯಾರು ಎಂದು ಕೇಳಿದರಂತೆ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಮೂರು ವಾರ ಪುಸ್ತಕ ಮುಟ್ಟಿರಲಿಲ್ಲ. ನಿನ್ನೆ, ತಾನು ಎಲ್ಲಿ ತಪ್ಪಿದೆನೆಂದು ನೋಡಲು ತೆಗೆದವನು ಅದೇ ಪುಟದ ನಾಲ್ಕನೇ ಸಾಲನ್ನೂ ಓದಿದ. ಎಂದು ಹೇಳಿ ಮುದುಕ ಕುದುರೆಯ ಕಡೆಗೆ ತಿರುಗಿದ, ಎಂದಿತ್ತು.

"ಕಥೇಲಿ ಕೊಯ್ಸಿಕೊಂಡವನು ಬದುಕ್ದ," ಎಂದ ಡಿಪೋದವನು. "ಮುಂದಕ್ಕೆ ಓದಿ ನೋಡ್ದೆ. ಮಾರನೇ ದಿನ ಕುದುರೆ ಹತ್ತಿ ಹೋಗಿ ಮೂವರನ್ನ ಕಡಿದು ಹಾಕ್ದ."

ಪ್ರೆಸ್ಸಿನವರು ನಮ್ಮದೇನೂ ಇಲ್ಲ, ಬೈಂಡಿಂಗಿನವರನ್ನು ಕೇಳು ಎಂದು ಕೈ ತೊಳೆದುಕೊಂಡಿದ್ದರು.

ಮುದುಕ, ಕುದುರೆ ಎಂಬ ಎರಡು ಮಾತು ಕಿವಿಗೆ ಬೀಳುತ್ತಲೇ ಗೆದ್ದಲಿಗೆ ಎಲ್ಲವೂ ತಿಳಿಯಿತು. ಈ ಪುಸ್ತಕ, ಆ ಕುದುರೆಯ ಕಾದಂಬರಿ, ಎರಡೂ ಒಂದೇ ವಾರದಲ್ಲಿ ಒಂದೇ ಪ್ರೆಸ್ಸಿನಿಂದ ಬಂದಿದ್ದವು. ಅದೇ ಅಳತೆ, ಅದೇ ಅಕ್ಷರ. ಕಾದಂಬರಿಯ ಆರನೇ ಫಾರಂನ ಕಟ್ಟನ್ನು ತೋಳಿನ ಮೇಲಿಟ್ಟುಕೊಂಡು ನಿಂತಲ್ಲೇ ಓದುತ್ತಿದ್ದಳು. ರಟ್ಟು ಹಿಡಿಯಲು ಬಾ ಎಂದು ಭಾವ ಕೂಗಿದ. ಕಟ್ಟನ್ನು ಎಲ್ಲಾದರೂ ಇಡಬೇಕಿತ್ತು. ಎದುರಿನ ಮೇಜಿನಲ್ಲಿ ಈ ನೀಲಿ ಪುಸ್ತಕದ ಐದನೇ ಫಾರಂ ಮಗುಚಿ ಬಿದ್ದು ಎಂಬತ್ತನೇ ಪುಟ ಕಾಣುತ್ತಿತ್ತು. ಅಲ್ಲೂ ಹಾವು, ಕೈಯಲ್ಲಿದ್ದುದರಲ್ಲೂ ಹಾವು. ಅದರ ಪಕ್ಕದ ಆರನೇ ಫಾರಂ ರಾಶಿಯ ಮೇಲೆ ಇಟ್ಟಳು. ಮಾತಿಗೆ ಮಾತು ಕೂಡಿದ್ದರಿಂದ ಆಮೇಲೂ ಕಣ್ಣಿಗೆ ಏನೂ ತಡೆಯಲಿಲ್ಲ. ಅಕ್ಷರ ಬಾರದವಳಾಗಿದ್ದರೆ ಮೂಲೆಯ ಗುರುತು ನೋಡಿ ಇಡುತ್ತಿದ್ದಳು. ಇಂಥ ತಪ್ಪು ಮಾಡಲು ಓದುವ ಹುಚ್ಚೇ ಬೇಕು.

ಈಗ ಹೇಳಬೇಕು ಎಂದುಕೊಂಡಳು. ಮೇಜಿನ ಹಿಂದಕ್ಕೆ ಸರಿದಳು. ಇಂಥ ಗಳಿಗೆಯಲ್ಲಿ ಎದೆಯುಬ್ಬಿಸಿ ಮುಂದೆ ಬಂದ ನೂರು ಜನರನ್ನು ಅವಳು ಓದಿದ್ದಳು. ಒಬ್ಬರೂ ಹೀಗೆ ಹಿಂದೆ ಸರಿದಿರಲಿಲ್ಲ. ಅವಳು ಓದಿದ ರಕ್ತಕ್ಕೆ ವಾಸನೆಯೂ ಇರಲಿಲ್ಲ. ಭಾವ ಅವಳಿದ್ದ ಕಡೆ ಮುಖ ಮಾಡಿದ. ಕನ್ನಡಕವಿಲ್ಲದೆ ಅವನಿಗೆ ಅವಳು ಮಸುಕಾಗಿ ಕಂಡಿರಬೇಕು, ಅಷ್ಟೆ. ಆದರೂ ಜೋಡಿಸುವ ಕೆಲಸ ಯಾರದ್ದೆಂದು ಅವನಿಗೆ ಗೊತ್ತಿಲ್ಲವೇ.

"ನಾನೇ," ಎಂದ ಭಾವ, ರಕ್ತ ಉಗುಳಿ. "ನಾನೇ ಜೋಡಿಸಿದ್ದು. ಹೊಡಿ."

ಆ ಮಾತಿಗೆ ಗೆದ್ದಲಿಗೆ ನಾಚಿಕೆಯಾಯಿತು. ಆದರೆ ಅದರ ಜೊತೆಗೆ, ಸದ್ಯ, ನಾನು ಉಳಿದೆ ಎಂದೂ ಅನ್ನಿಸಿತು. ಅದನ್ನು ಅವಳು ಮುಂದೆ ಯಾರಿಗೂ ಹೇಳಲಿಲ್ಲ.

ಡಿಪೋದವನು ಹೊಡೆಯಲಿಲ್ಲ. ಭಾವನನ್ನು ಕತ್ತರಿಸುವ ಯಂತ್ರದ ಹತ್ತಿರ ದರದರ ಎಳೆದುಕೊಂಡು ಹೋಗಿ, ಬಲಗೈಯನ್ನು ಹಲಗೆಯ ಮೇಲೆ ಚಾಚಿಸಿ, ಮೇಲಿನ ಚಕ್ರ ತಿರುಗಿಸತೊಡಗಿದ. ಕಾಗದ ಅಲುಗದಂತೆ ಒತ್ತಿ ಹಿಡಿಯುವ ಕಬ್ಬಿಣದ ಪಟ್ಟಿ ಇಳಿದು ಬೆರಳುಗಳ ಮೇಲೆ ಕೂತಿತು. ಅಲಗು ಅದರ ಹಿಂದೆಯೇ. ಅಕ್ಕ ಬಂದು ಅವನ ಮುಂದೋಳನ್ನು ಕಚ್ಚಿದಳು. ಅವನು ಒದ್ದ. ಚಕ್ರ ಇನ್ನೊಂದು ಸುತ್ತು ತಿರುಗಿತು. ಒಣ ರಟ್ಟು ಮುರಿದಂಥ ಸದ್ದಾಯಿತು. ಭಾವ ಹಾಗೆ ಚೀರಿದ್ದನ್ನು ಗೆದ್ದಲು ಅದುವರೆಗೆ ಕೇಳಿಯೇ ಇರಲಿಲ್ಲ.

"ಅವ್ರಲ್ಲ," ಎಂದಳು. ಯಾರಿಗೂ ಕೇಳಿಸಲಿಲ್ಲ. ಗಂಟಲು ಹರಿಯುವಂತೆ ಮತ್ತೆ ಹೇಳಿದಳು. "ಅವ್ರಲ್ಲ, ನಾನು. ಜೋಡಿಸೋದು ನಾನೇ. ಅವ್ರಿಗೆ ಏನೂ ಗೊತ್ತಿಲ್ಲ."

ಚಕ್ರ ನಿಂತಿತು. ಡಿಪೋದವನು ಅದನ್ನು ಬಿಟ್ಟು, ಮೇಜಿನ ಮೇಲಿದ್ದ ರಟ್ಟು ಕೊಯ್ಯುವ ಚಾಕು ಎತ್ತಿಕೊಂಡು ಅವಳ ಕಡೆ ಬಂದ. ಮೊದಲು ಹೊಡೆದದ್ದು ಪುಸ್ತಕದಿಂದಲೇ, ಅದರ ಬೆನ್ನಿನ ಕಡೆಯಿಂದ, ಅವಳ ಮೂಗಿನ ಮೇಲೆ. ಕಣ್ಣು ಕತ್ತಲಿಟ್ಟಿತು. ಮತ್ತೊಮ್ಮೆ ಹೊಡೆದ. ತಾನು ಜೋಡಿಸಿ, ಭಾವ ಹೊಲಿದ ಪುಸ್ತಕ. ಒಂದು ಹಾಳೆ ಕೂಡ ಸಡಿಲವಾಗಲಿಲ್ಲ. ಅವಳು ಕೈ ಅಡ್ಡ ಹಿಡಿಯಲಿಲ್ಲ. ಗೋಡೆಗೆ ಒರಗಿಸಿ ಕತ್ತಿನ ಪಕ್ಕಕ್ಕೆ ಚಾಕು ಇಟ್ಟು, ಯಾಕೆ ಎಂದ.

"ಓದ್ತಾ ಇದ್ದೆ. ಆ ಕಥೆ ಓದ್ತಾ ಇದ್ದೆ. ಕೈ ಎಲ್ಲಿಗೆ ಹೋಯ್ತು ನೋಡ್ಲಿಲ್ಲ."

ಚಾಕುವಿನ ಮೊನೆ ಅವನ ಉಸಿರಿನ ಜೊತೆ ಅವಳ ಚರ್ಮವನ್ನು ಮುಟ್ಟಿ ಮುಟ್ಟಿ ಸರಿಯುತ್ತಿತ್ತು.

"ಹಾಗಾದ್ರೆ ನಿಜವಾದ್ದನ್ನೂ ಓದಿರ್ತೀಯ."

ಅವಳು ಹೌದೆಂದು ತಲೆಯಾಡಿಸಿದಳು.

"ಏನಿತ್ತು ಅದ್ರಲ್ಲಿ?"

ಅವಳಿಗೆ ಬಾಯಿಪಾಠವೇ ಇತ್ತು. ಆದರೆ ತನ್ನ ಬಾಯಿಯನ್ನು ಇನ್ನು ಯಾರಾದರೂ ಯಾಕೆ ನಂಬಬೇಕು? ಇದೆ, ತೆಗೆದು ಓದುತ್ತೇನೆ ಎಂದಳು. ಅವನು ಚಾಕು ತುಸು ಸರಿಸಿದ. ಅವಳು ಸ್ಟೂಲು ಹತ್ತಿ ಅಟ್ಟದ ಮೂಲೆಯಿಂದ ಧೂಳು ಹಿಡಿದ ಕಟ್ಟೊಂದನ್ನು ಇಳಿಸಿದಳು. ಆ ಕೆಲಸ ಮುಗಿದ ದಿನ ಆರನೇ ಫಾರಂ ಇಪ್ಪತ್ತನಾಲ್ಕು ಮಿಕ್ಕಿತ್ತು. ಪ್ರೆಸ್ಸಿನವರು ಹೆಚ್ಚಿಗೆ ಹಾಕಿ ಕಳಿಸಿದ್ದಾರೆ ಎಂದುಕೊಂಡು ದಾರ ಸುತ್ತಿ ಮೇಲೆಸೆದಿದ್ದಳು. ಇಲ್ಲಿ ಇಪ್ಪತ್ತನಾಲ್ಕು ಮಿಕ್ಕಿದೆ ಎಂದರೆ ಹೊರಗೆ ಇಪ್ಪತ್ತನಾಲ್ಕು ಮನೆಗಳಲ್ಲಿ ಮುದುಕನೂ ಕುದುರೆಯೂ ಇದ್ದಾರೆ ಎಂದರ್ಥ. ಅವಳು ಹೇಳದಿದ್ದರೂ ಭಾವನಿಗೆ ಅದು ಹೊಳೆಯಿತು. ಅಕ್ಕ ಚಕ್ರ ಹಿಂದಕ್ಕೆ ತಿರುಗಿಸಿ ಅವನ ಕೈ ಬಿಡಿಸಿ, ಅಳುತ್ತ ಫೋನಿಗಾಗಿ ತಡಕುತ್ತಿದ್ದಳು.

"ಪೊಲೀಸಿಗೆ ಆಮೇಲೆ ಮಾಡು," ಎಂದ ಭಾವ, ಮುರಿದ ಕೈಯನ್ನು ಎದೆಗೊತ್ತಿಕೊಂಡು. "ಮೊದ್ಲು ಪ್ರಕಾಶಕರಿಗೆ ಮಾಡು. ಎಲ್ಲಾ ವಾಪಸ್ ತರಿಸೋಕೆ ಹೇಳು."

ಫಾರಂ ಮಡಿಸಿದ ಹಾಗೇ ಇತ್ತು. ಪುಟಗಳು ಮೇಲೂ ಪಕ್ಕದಲ್ಲೂ ಕೂಡಿಕೊಂಡಿದ್ದವು. ಮಡಿಕೆಯ ಸಂದಿಯಲ್ಲಿ ಇಣುಕಿ ಓದುವುದು ಅವಳಿಗೆ ರೂಢಿ, ಆದರೆ ಇದನ್ನು ಬಿಚ್ಚಿಟ್ಟು ಓದಬೇಕು, ಸೀಳಬೇಕು. ಗೆದ್ದಲು ಕೈ ಚಾಚಿದಳು.

"ಚಾಕು ಕೊಡಿ."

ಡಿಪೋದವನು ಕೈಯಲ್ಲಿದ್ದ ಚಾಕುವನ್ನು ಆಗಷ್ಟೇ ಕಂಡವನಂತೆ ನೋಡಿ, ತಿರುಗಿಸಿ, ಹಿಡಿಕೆಯ ಕಡೆಯಿಂದ ಕೊಟ್ಟ. ಕೊಟ್ಟ ಮೇಲೆ ಅವನಿಗೆ ಕೈಗಳನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಕಾಗದದ ಕಟ್ಟೊಂದರ ಮೇಲೆ ಕುಸಿದು ಕೂತ. ಅವಳು ಮಡಿಕೆಗಳನ್ನು ಒಂದೊಂದಾಗಿ ಸೀಳಿದಳು. ಮೂಗಿನಿಂದ ಇಳಿದ ರಕ್ತ ಕಾಗದಕ್ಕೆ ತೊಟ್ಟಿಕ್ಕದಂತೆ ತೋಳಿನಿಂದ ಒರೆಸಿಕೊಂಡಳು. ಆಮೇಲೆ ಓದಿದಳು.

"ಅಲುಗಾಡದಂತೆ ಇರಿಸಿ, ಧೈರ್ಯ ಹೇಳಿ. ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷದವಲ್ಲ."

"ಹೂಂ," ಎಂದ ಅವನು.

ಮುಂದಿನ ವಾಕ್ಯ ಅವಳಿಗೆ ಮೊದಲೇ ಕಂಡಿತ್ತು. ಬಿಟ್ಟು ಓದಬಹುದಿತ್ತು. ಅವನು ಪುಟ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಒಂದು ಸಾಲು ಹಾರಿದರೆ ಯಾರಿಗೆ ತಿಳಿಯುತ್ತದೆ, ಇನ್ನು ಆ ಸಾಲಿನಿಂದ ಯಾರಿಗೆ ಏನಾಗಬೇಕಾಗಿದೆ? ಅವಳ ಇಡೀ ಆಯುಷ್ಯದಲ್ಲಿ ಓದಲು ಮನಸ್ಸಿಲ್ಲದ ಸಾಲೆಂದರೆ ಅದೊಂದೇ. ಬೆರಳಿಟ್ಟುಕೊಂಡು, ಅಕ್ಷರ ಕಲಿಯುವವಳಂತೆ ಓದಿದಳು.

"ಬಿಗಿದು ಕಟ್ಟಬಾರದು. ಗಾಯವನ್ನು ಯಾವ ಕಾರಣಕ್ಕೂ ಕೊಯ್ಯಬಾರದು."

ಅವನು ಎರಡೂ ಅಂಗೈಯನ್ನು ಮಂಡಿಯ ಹಿಂದಕ್ಕೆ ಹಾಕಿ, ಒತ್ತಿ ಹಿಡಿದುಕೊಂಡು ಕೂತ. ಅಕ್ಕ ಫೋನಿನಲ್ಲಿ ಯಾರಿಗೋ ಪುಸ್ತಕದ ಹೆಸರು ಹೇಳುತ್ತಿದ್ದಳು, ಎರಡೆರಡು ಸಲ. ಹಾವಿನ ಭಾಗ ಪುಟದ ಅರ್ಧಕ್ಕೇ ಮುಗಿಯಿತು. ಗೆದ್ದಲು ಕಾಗದ ಕೆಳಗಿಡಲು ಹೋದಳು.

"ಮುಂದೆ ಓದು," ಎಂದ.

ಅವಳು ಮುಂದಿನದನ್ನು ಓದಿದಳು. ಬೆಂಕಿ ತಗುಲಿದಾಗ. ನೀರಿನಲ್ಲಿ ಮುಳುಗಿದವರನ್ನು ಮೇಲೆತ್ತಿದಾಗ. ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡಾಗ. ಅವನು ಮಂಡಿ ಬಿಡದೆ, ಮನೆಗೆ ಹೋಗಿ ಈಗಲೇ ಮಾಡಬೇಕಾದ ಕೆಲಸವೊಂದನ್ನು ಕೇಳಿಸಿಕೊಳ್ಳುತ್ತಿರುವವನ ಹಾಗೆ, ಒಂದೊಂದು ವಾಕ್ಯಕ್ಕೂ ಹೂಂ ಅನ್ನುತ್ತ ಹೋದ.